ಗ್ರೀಸ್ ಗೆದ್ದ ವರ್ಷ, ನೇತ್ರಾಳ ಪಂಚಮಿ

ನೇತ್ರಾ ಗ್ರೀಸ್ ದೇಶವನ್ನು ಕಂಡವಳಲ್ಲ. ಆದರೆ ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಅಲ್ಲಿ ಏನೇನಾಯಿತು ಎಂದು ಕೇಳಿದರೆ, ಈಗಲೂ ಹಿಟ್ಟಿನ ಕೈ ಒರೆಸಿಕೊಳ್ಳದೆ ಹೇಳಬಲ್ಲಳು.

ಧಾರವಾಡದ ಸಪ್ತಾಪುರದಲ್ಲಿ ಬೆಳೆದವಳು, ವಿರುಪಾಕ್ಷನನ್ನು ಮದುವೆಯಾಗಿ ಮೆಲ್ಬರ್ನಿನ ವೆರಿಬೀಗೆ ಬಂದಿದ್ದಳು. ಅವನು ಸಿಟಿಯಲ್ಲಿ ಎಂಜಿನಿಯರ್. ಮಗಳು ಇಂಚರಾ ಸ್ಕೂಲಿಗೆ ಹೋಗತೊಡಗಿದ ಮೇಲೆ, ಆ ವರ್ಷದ ಜನವರಿಯಲ್ಲಿ ನೇತ್ರಾ ಆಲ್ಟೋನಾದ ಬೇಕರಿಯೊಂದಕ್ಕೆ ಕೆಲಸಕ್ಕೆ ಸೇರಿದಳು. ಅದರ ಒಡತಿ ಸ್ತಮಾತಿಯಾ ಎಂಬ ಗ್ರೀಕ್ ವಿಧವೆ. ಸೊಪ್ಪು, ಚೀಸು ತುಂಬಿದ ಕಡುಬಿಗಾಗಿ ಹಿಟ್ಟನ್ನು ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಎಳೆಯುವುದು ಅಲ್ಲಿನ ಕೆಲಸ.

ವಿರುಪಾಕ್ಷ ಬೇಡವೆನ್ನಲಿಲ್ಲ. ಮನೆಗೆ ಮಾತ್ರ ಅದರ ಬಿಸಿ ತಟ್ಟಬಾರದು ಎಂದ. ಹಾಗೆಂದರೆ ಅವಳು ಕತ್ತಲಲ್ಲೇ ಎದ್ದು ಚಪಾತಿ ಬೇಯಿಸಿ, ಎರಡು ಡಬ್ಬಿ ಕಟ್ಟಿ, ಬಟ್ಟೆ ಮೆಷಿನ್ನಿಗೆ ಹಾಕಿ ಹೊರಡಬೇಕು. ಎದ್ದವರಿಗೆ ಎಲ್ಲವೂ ತಾನಾಗಿಯೇ ಆದಂತೆ ಕಾಣಬೇಕು. ಮದುವೆಯಾದಾಗಿನಿಂದ ಅವಳು ಮಾಡಿಕೊಂಡು ಬಂದದ್ದೂ ಅದನ್ನೇ.

ಬೇಕರಿಯಲ್ಲಿ ಬೇರೆಯೇ ಪದ್ಧತಿ. ಬಾಗಿಲು ತೆರೆಯುವ ಮೊದಲು ಎಲ್ಲರೂ ಉದ್ದನೆಯ ಮೇಜಿಗೆ ಕೂತು ತಿನ್ನಬೇಕು. ಹಿಟ್ಟಿಗೆ ಕೈ ಹಾಕಿದವರಿಗೆ ಕಡುಬಿನ ಮೊದಲ ತುಂಡು, ಲೆಕ್ಕ ಬರೆಯುವ ಅಳಿಯನಿಗೆ ಕೊನೆಯದು. ಮೊದಲ ದಿನ ನೇತ್ರಾ ತನ್ನ ತಟ್ಟೆ ಹಿಡಿದು ಸಿಂಕಿನ ಬಳಿ ನಿಂತು ತಿನ್ನತೊಡಗಿದಳು. ಸ್ತಮಾತಿಯಾ ಕಾಲಿನಿಂದಲೇ ಒಂದು ಕುರ್ಚಿ ಅವಳತ್ತ ತಳ್ಳಿದಳು.

ಆ ಮೇಜಿನ ಮೇಲೆಯೇ ಗ್ರೀಸಿನ ವರ್ಷ ಸಾಗಿತು. ಮಾರ್ಚಿನಲ್ಲಿ ಅಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು; ಇಲ್ಲಿ ಬೇಕರಿಯ ಹೆಂಗಸರು ಎರಡು ಪಕ್ಷವಾಗಿ ಒಂದು ವಾರ ಒಬ್ಬರಿಗೊಬ್ಬರು ಉಪ್ಪು ದಾಟಿಸಲಿಲ್ಲ. ಜೂನಿನಲ್ಲಿ ಒಲಿಂಪಿಕ್ಸ್ ಜ್ಯೋತಿ ಸಿಡ್ನಿಗೆ ಬಂದು, ಮರುದಿನ ಮೆಲ್ಬರ್ನಿಗೂ ಬಂತು. ಇಂಚರಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದವಳು ನೇತ್ರಾ. ವಿರುಪಾಕ್ಷನಿಗೆ ಅಂದು ಹುಲ್ಲು ಕತ್ತರಿಸುವುದಿತ್ತು. ಜುಲೈನಲ್ಲಿ ಯಾರೂ ಎಣಿಸದೆ ಇದ್ದ ಗ್ರೀಸ್ ಯುರೋಪಿನ ಫುಟ್‌ಬಾಲ್ ಕಪ್ ಗೆದ್ದುಬಿಟ್ಟಿತು. ಇಲ್ಲಿ ಆಗ ಸೋಮವಾರದ ಬೆಳಗು. ನೀಲಿ ಬಾವುಟ ಹೊದ್ದ ಜನ ಹಾಡುತ್ತ ಬೇಕರಿಗೆ ನುಗ್ಗಿದರು. ಸ್ತಮಾತಿಯಾ ಒಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಒಲೆ, ಗಲ್ಲಾ, ಗಿರಾಕಿ ಎಲ್ಲವನ್ನೂ ನೇತ್ರಾ ಒಬ್ಬಳೇ ಸಂಭಾಳಿಸಿದಳು.

ಜನ ಕರಗಿದ ಮೇಲೆ ಸ್ತಮಾತಿಯಾ ಮುಖ ತೊಳೆದುಕೊಂಡು ಬಂದಳು. ಆಗಸ್ಟಿಗೆ ಒಲಿಂಪಿಕ್ಸ್ ನೋಡಲು ಅಥೆನ್ಸಿಗೆ ಹೋಗುತ್ತೇನೆ, ತಿರುಗಿ ಬರುವವರೆಗೆ ಅಡುಗೆಕೋಣೆ ನಿನ್ನದು ಎಂದಳು. ಸರಿಯಾಗಿ ನಡೆದರೆ ಮುಂದೆಯೂ ನಿನ್ನದೇ. ಒಂದೇ ಮಾತು: ಶನಿವಾರ ತಪ್ಪಿಸಬಾರದು.

ನೇತ್ರಾ ಹೂಂ ಎಂದಳು. ಮನೆಗೆ ಬಂದು ಕೇಳಲಿಲ್ಲ, ಹೇಳಿದಳು. ವಿರುಪಾಕ್ಷ ಟಿವಿ ನೋಡುತ್ತ ತಲೆಯಾಡಿಸಿದ.

ಆ ತಲೆಯಾಡಿಸಿದ್ದರ ಬೆಲೆ ಆಗಸ್ಟಿನಲ್ಲಿ ತಿಳಿಯಿತು. ನಾಗರಪಂಚಮಿ ಶುಕ್ರವಾರ ಬಿದ್ದಿತ್ತು. ಎಲ್ಲರಿಗೂ ರಜೆ ಸಿಗಲೆಂದು ಇಲ್ಲಿನ ಕನ್ನಡದವರು ಮಾಡುವಂತೆ ವಿರುಪಾಕ್ಷ ಹಬ್ಬವನ್ನು ಶನಿವಾರಕ್ಕೆ ಎಳೆದ. ಸಿಡ್ನಿಯ ಕೆಲ್ಲಿವಿಲ್‌ನಿಂದ ತನ್ನ ಗೆಳೆಯ ಶಿವಲಿಂಗಪ್ಪ ಮತ್ತು ಅವನ ಹೆಂಡತಿ ವೇದಾವತಿಯನ್ನು ಕರೆದ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಜೊತೆಗೆ ಜೋಳದ ಅರಳಿನ ಅಳ್ಳಿಟ್ಟು, ಎಲ್ಲ ನೇತ್ರಾ ಮಾಡುತ್ತಾಳೆ ಎಂದು ಫೋನಿನಲ್ಲಿ ಮಾತು ಕೊಟ್ಟ. ಅವರು ಟಿಕೆಟ್ ಬುಕ್ ಮಾಡಿದ ಮೇಲೆ ಅವಳಿಗೆ ತಿಳಿಸಿದ.

"ಶನಿವಾರ ನನ್ನ ಕೆಲಸ ಅದ," ಎಂದಳು ನೇತ್ರಾ.

"ಒಂದು ಶನಿವಾರ ಬಿಡು. ಹಬ್ಬ ದೊಡ್ಡದೋ, ಬೇಕರಿ ದೊಡ್ಡದೋ?"

"ಹಬ್ಬಾನೇ ದೊಡ್ಡದು. ಪಂಚಮಿಗೆ ನಿಮ್ಮ ತಂಗಿ ಏನ್ ಮಾಡ್ತಿದ್ದಳು?"

"ತವರಿಗೆ ಬರ್ತಿದ್ದಳು. ಜೋಕಾಲಿ ಆಡ್ತಿದ್ದಳು."

"ಉಂಡಿ ಕಟ್ಟತಿದ್ದಳೇನು?"

"ಅವ್ವ ಕಟ್ಟಿ ಇಟ್ಟಿರ್ತಿದ್ದಳು. ತವರಿಗೆ ಬಂದಾಕಿ ಕಡೆ ಯಾಕ ಕೆಲಸ ಮಾಡಿಸೋದು?"

"ಹಂಗಂದ್ರ ನಾನೂ ತವರಿಗೆ ಹೋಗ್ತೀನ್ರೀ," ಎಂದಳು ನೇತ್ರಾ. "ನಂದು ಆಲ್ಟೋನಾದಾಗ ಅದ. ಬೆಲ್ಲ ಮ್ಯಾಲಿನ ಕಪಾಟಿನಾಗ ಅದ, ಶೇಂಗಾ ಡಬ್ಬಿ ಅದರ ಹಿಂದ."

ಅವನು ನಕ್ಕ. ತಮಾಷೆ ಎಂದುಕೊಂಡ. ಶನಿವಾರ ಬೆಳಗ್ಗೆ ಕಾರು ಹೋದ ಸದ್ದು ಕೇಳಿ ಎದ್ದವನಿಗೆ ಒಲೆ ತಣ್ಣಗಿದ್ದದ್ದು ಕಾಣಿಸಿತು.

ಅಂದು ಬೇಕರಿಗೆ ಕಾಲಿಡಲು ಜಾಗವಿರಲಿಲ್ಲ. ಮೂಲೆಯ ಟಿವಿಯಲ್ಲಿ ಅಥೆನ್ಸ್, ಮೇಜಿನ ಮೇಲೆ ಹಿಟ್ಟು. ಒಂದು ತಟ್ಟೆಯೂ ಸೀಯದೆ, ಒಬ್ಬ ಗಿರಾಕಿಯೂ ಬರಿಗೈಲಿ ಹೋಗದೆ ನೇತ್ರಾ ನಡೆಸಿದಳು. ಮನೆಯ ನೆನಪು ಒಮ್ಮೆ ಬಂತು. ಹಿಟ್ಟು ಹರಿಯಬಾರದೆಂದು ಆ ನೆನಪನ್ನು ಪಕ್ಕಕ್ಕಿಟ್ಟಳು.

ಮಧ್ಯಾಹ್ನ ಬೇಕರಿ ಮುಚ್ಚುವ ಹೊತ್ತಿಗೆ ಟ್ಯಾಕ್ಸಿಯಿಂದ ವೇದಾವತಿ ಇಳಿದಳು. ರೇಷ್ಮೆ ಸೀರೆ, ಒಂದು ಕೈಯಲ್ಲಿ ಇಂಚರಾ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ. ಕೂರುವ ಮೊದಲೇ ಸುದ್ದಿ ಹೇಳಿದಳು: ವಿರುಪಾಕ್ಷ ಪಾಕವನ್ನು ಒಲೆಯ ಮೇಲೆ ಬಿಟ್ಟು ಕೂತು ಒಲಿಂಪಿಕ್ಸ್ ನೋಡಿದ್ದ, ಬೆಲ್ಲ ಗಟ್ಟಿಯಾಗಿತ್ತು. ಶಿವಲಿಂಗಪ್ಪ ಒಂದು ಉಂಡಿ ಕಚ್ಚಲು ನೋಡಿ, ಆಗದೆ, ಇದನ್ನ ಆ ಗುಂಡು ಎಸೆಯುವವರಿಗೆ ಕೊಟ್ಟು ಕಳಿಸು ಎಂದಿದ್ದನಂತೆ. ಈಗ ಇಬ್ಬರೂ ಏಪ್ರನ್ ಕಟ್ಟಿಕೊಂಡು ಎರಡನೆಯ ಪಾಕ ಇಟ್ಟಿದ್ದಾರೆ.

"ನಿಮ್ಮ ಮನ್ಯಾಗ ಗಂಡಸರ ಪಂಚಮಿ ನಡದದ ನೇತ್ರಕ್ಕಾ," ಎಂದಳು ವೇದಾವತಿ. "ನೀವು ತವರಿಗೆ ಹೋಗೀರಿ ಅಂದ್ರು. ನಾನೂ ಬಂದೆ."

ನೇತ್ರಾ ನಗುತ್ತ ಕಾಲಿನಿಂದ ಒಂದು ಕುರ್ಚಿ ಅವಳತ್ತ ತಳ್ಳಿದಳು. ಇಂಚರಾ ಡಬ್ಬಿಯಿಂದ ಒಂದು ಉಂಡಿ ತೆಗೆದು ಮೇಜಿಗೆ ಕುಟ್ಟಿದಳು. ಒಡೆಯಲಿಲ್ಲ. ಬೇಕರಿಯ ಹೆಂಗಸರೆಲ್ಲ ಸರದಿಯಲ್ಲಿ ಕುಟ್ಟಿದರು. ಕೊನೆಗೆ ಲಟ್ಟಣಿಗೆಯ ಏಟಿಗೆ ಒಡೆಯಿತು. ಹಿಟ್ಟಿಗೆ ಕೈ ಹಾಕಿದ್ದ ನೇತ್ರಾಳಿಗೆ ಮೊದಲ ತುಂಡು ಬಂತು. ಬೆಲ್ಲ ಕೊಂಚ ಸೀದಿತ್ತು. ಅವಳು ಕೂತೇ, ನಿಧಾನವಾಗಿ ತಿಂದಳು.