ಸರೋಜಕ್ಕ ಮತ್ತು ಸಕ್ಕರೆ ಹೊದ್ದ ಪ್ರೋಟೀನು

ಸರೋಜಕ್ಕನ ಬೆರಳುಗಳು ಸದಾ ಕೆಂಪಗಿರುತ್ತಿದ್ದವು. ಗ್ಲೌಸ್ ಹಾಕಿಕೊಂಡರೂ ಆ ಬಣ್ಣ ಹೇಗೋ ಒಳಗೆ ನುಗ್ಗುತ್ತಿತ್ತು. ಶಾಮ್‌ಬರ್ಗ್ ಎಂಬ ಪರದೇಶದ ಊರಿನ ಕನ್ನಡದವರ ಮನೆಗಳಲ್ಲಿ ಯಾರಾದರೂ "ಮೆಹಂದಿನಾ?" ಎಂದು ಕೇಳಿದರೆ, "ಅಲ್ರೀ, ಗಿಡದ ಕೋಶದ ಗ್ವಾಡಿಯೊಳಗಿನ ಪ್ರೋಟೀನ್ ಹಿಡಿಯೋ ಬಣ್ಣ" ಎಂದು ಸಿಡುಕುತ್ತಿದ್ದರು.

ಧಾರವಾಡದವರು. ನಮ್ಮ ಸಸ್ಯವಿಜ್ಞಾನದ ಲ್ಯಾಬಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ಮೊದಲ ದಿನ ನಾನು ಮೈಸೂರಿನ ಅಭ್ಯಾಸದಂತೆ "ಆಂಟಿ" ಎಂದಿದ್ದಕ್ಕೆ, "ಲ್ಯಾಬಿನ್ಯಾಗ ಆಂಟಿ ಅಂದ್ರ ನಿನ್ನ ಪಿಪೆಟ್ ಕಸಗೋತೀನಿ. ಅಕ್ಕ ಅನ್ನು" ಎಂದಿದ್ದರು. ಗಂಡನ ಕೆಲಸ ಡಿಯರ್‌ಬಾರ್ನ್‌ನಲ್ಲಿ. ಶುಕ್ರವಾರ ಸಂಜೆ ಸಸಿಗಳ ಪ್ಲೇಟುಗಳನ್ನು ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಬೇರುಗಳನ್ನು ದಿನಾ ಅಳೆಯಬೇಕಿತ್ತಲ್ಲ!

ಅವರ ಕೆಲಸವೇನೆಂದು ನನಗೆ ತಿಳಿದದ್ದು ಅವರ ಅಪಾರ್ಟ್‌ಮೆಂಟಿನ ಒಲೆಯ ಮುಂದೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುತ್ತಿದ್ದರು. "ನೋಡು, ಸಣ್ಣ ಉರಿ ಮ್ಯಾಲೆ ಎಳ್ಳಿಟ್ಟು, ಪಾಕ ಚೂರುಚೂರು ಹಾಕಿ ಕೈಯಾಡಸ್ಕೋತ ಕುಂದರಬೇಕು. ಗಿಡಾನೂ ಹಂಗ. ಕೋಶದೊಳಗ ಪ್ರೋಟೀನ್ ಮಾಡ್ತದ, ಅದಕ್ಕ ಒಂದೊಂದ ಸಕ್ಕರಿ ಕೂಡಸ್ತದ, ಆಮ್ಯಾಲೆ ಕೋಶದ ಗ್ವಾಡಿಗೆ ಕಳಸ್ತದ. ಸಕ್ಕರಿ ಕೂಡಸೋ ಕಿಣ್ವ ಇಲ್ಲದ ಗಿಡ ಉಪ್ಪುನೀರಾಗ ಇಡು. ಬೇರಿನ ತುದಿ ಉಬ್ಬಿ ಕೆಟ್ಟು ಹೋಗ್ತದ."

ನಮ್ಮ ಬಾಸ್‌ಗೆ ಇದೆಲ್ಲ ಬೇಕಿರಲಿಲ್ಲ. ಆ ಕಿಣ್ವವಿಲ್ಲದ ಗಿಡದಲ್ಲಿ ಸಕ್ಕರೆ ಕಮ್ಮಿಯಾಗಿದೆ ಎಂದು ತಿಂಗಳ ಕೊನೆಯೊಳಗೆ ತೋರಿಸು, ಇಲ್ಲವೇ ಬೆಂಚ್ ಖಾಲಿ ಮಾಡಿ ಕೆಲಸ ಬಿಡು ಎಂದು ಅವರಿಗೆ ಹೇಳಿಬಿಟ್ಟ. ಆ ಮನುಷ್ಯನನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅದಾಗಲೇ ಮೂರು ತಿಂಗಳಿಂದ ಗಿಡ ಅರೆದು ಸೋಸುತ್ತಿದ್ದ ಸರೋಜಕ್ಕ, ಪ್ರೋಟೀನನ್ನು ಎಂಟು ಪುಟ್ಟ ಟ್ಯೂಬುಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟು, ಸೋಮವಾರ ಪರೀಕ್ಷೆ ಮಾಡುತ್ತೇನೆಂದು ಡಿಯರ್‌ಬಾರ್ನ್‌ಗೆ ಹೋದರು.

ಶನಿವಾರ ನಾನು ಜಾಣತನ ತೋರಿಸಿದೆ. ಸಹಾಯವಾಗಲಿ ಎಂದು ಒಂದೊಂದು ತೊಟ್ಟು ತೆಗೆದು, ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ, ಎಲ್ಲ ಪ್ರೋಟೀನಿಗೂ ಹಾಕುವ ನೀಲಿ ಬಣ್ಣ ಹಾಕಿದೆ. ಏನೂ ಕಾಣಲಿಲ್ಲ; ಟ್ಯೂಬುಗಳಲ್ಲಿ ಪ್ರೋಟೀನೇ ಇಲ್ಲ ಎಂದುಕೊಂಡೆ. ಫ್ರೀಜರ್ ಕ್ಲೀನ್ ಮಾಡಿ ಎಂದು ಬಾಸ್ ಈಮೇಲ್ ಬೇರೆ ಕಳಿಸಿದ್ದ. ಎಂಟೂ ಟ್ಯೂಬುಗಳನ್ನು ಎಸೆದೆ.

ಸೋಮವಾರ ಸರೋಜಕ್ಕ ಲ್ಯಾಬ್ ನಡುಗುವಂತೆ ಕಿರುಚಿದರು. "ಹುಚ್ಚೀ! ಮೈತುಂಬ ಸಕ್ಕರಿ ಹೊತ್ಕೊಂಡದ್ದಕ್ಕ ನೀಲಿ ಬಣ್ಣ ಹೆಂಗ ಹತ್ತೀತು? ಅದಕ್ಕಽ ನಾ ಕೆಂಪು ಹಾಕೂದು! ಎರಡು ವರ್ಷ ನನ್ನ ಕೂಡ ಇದ್ದು ಇಷ್ಟೂ ತಿಳೀಲಿಲ್ಲೇನು?"

ಆಮೇಲೆ ಬಾಸ್ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. "ಸ್ಯಾಂಪಲ್ ಹಾಳಾದವು. ತಪ್ಪು ನನ್ನದೇ" ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನತ್ತ ತಿರುಗಿ ನೋಡಿದರು. ನನ್ನ ವೀಸಾ ಆ ಲ್ಯಾಬಿನ ಮೇಲೆ ನಿಂತಿತ್ತು. ಬಾಯಿ ಬಿಡಲಿಲ್ಲ. ತಿಂಗಳ ಕೊನೆಗೆ ಅವರ ಬೆಂಚ್ ಖಾಲಿಯಾಯಿತು.

ವರ್ಷವಾದ ಮೇಲೆ ಅದೇ ಬಾಸ್ ಅವರದೇ ಬೀಜಗಳನ್ನೂ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟು ಇದನ್ನು ಮುಗಿಸು ಎಂದ. ಎಷ್ಟು ಉಪ್ಪು, ಎಷ್ಟು ಬಣ್ಣ, ಎಲ್ಲ ಅವರ ದುಂಡು ಅಕ್ಷರದಲ್ಲಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಅಚ್ಚಾದ ಸಂಶೋಧನಾ ಪ್ರಬಂಧದಲ್ಲಿ ನನ್ನ ಹೆಸರು ಮೊದಲು. ಸರೋಜಕ್ಕನ ಹೆಸರು ಎಲ್ಲೂ ಇಲ್ಲ. ಕೇಳಿದರೆ, "ಅವಳು ಬರೀ ಸ್ಯಾಂಪಲ್ ಹಾಳು ಮಾಡಿದ್ದು ತಾನೇ?" ಎಂದ. ಥೂ!

ಪ್ರಬಂಧ ಹಿಡಿದುಕೊಂಡು ಡಿಯರ್‌ಬಾರ್ನ್‌ಗೆ ಹೋದೆ. ಸರೋಜಕ್ಕ ಅಡುಗೆಮನೆಯ ಟೇಬಲ್ ಮೇಲೆ ಹರಡಿಕೊಂಡು ಕೊನೆಯ ಪುಟದವರೆಗೂ ಓದಿದರು.

"ಚಿತ್ರ ಛಲೋ ಬಂದಾವ."

"ಅಕ್ಕಾ, ಅವನು ಮೋಸ ಮಾಡ್ದ. ನಂಗೆ ಎಷ್ಟು ಕೋಪ ಬಂದಿದೆ ಗೊತ್ತಾ?"

"ಟ್ಯೂಬ್ ಎಸೆದಾಕಿ ನೀ ಅಂತ ಈಗರೆ ಹೇಳಿಯೇನು ಅವಗ?"

"ಇಲ್ಲ ಅಕ್ಕ."

"ಎಸೆದದ್ದಕ್ಕ ನನಗ ಸಿಟ್ಟಿಲ್ಲವ್ವಾ. ತಿಳೀದಽ ಮಾಡಿದಿ. ಬಾಗಲದಾಗ ಸುಮ್ಮನ ನಿಂತಿ ನೋಡು, ಅದಕ್ಕ ಸಿಟ್ಟದ. ಚಹಾ ಕುಡದು ಹೋಗು. ಮತ್ತ ಬರಬ್ಯಾಡ."

ಚಹಾ ಕುಡಿದೆ. ಬಾಸ್‌ನನ್ನು ಬೈದುಕೊಳ್ಳುತ್ತಲೇ ಡೆಸ್ ಪ್ಲೇನ್ಸ್‌ನ ನನ್ನ ಮನೆಯವರೆಗೂ ಡ್ರೈವ್ ಮಾಡಿದೆ. ಕಳೆದ ವಾರ ಆ ಪ್ರಬಂಧದ ಬಲದ ಮೇಲೆಯೇ ನನಗೆ ಕಾಯಂ ಕೆಲಸ ಸಿಕ್ಕಿತು. ಬಾಸ್ ಕೈ ಕುಲುಕಿದ. ನಾನು ಥ್ಯಾಂಕ್ಯೂ ಎಂದೆ.