ಏಳನೆಯ ವಿಮಾನ ಹುಡುಕಿಕೊಂಡು ಅಡರಕಟ್ಟಿಗೆ

ಗದಗ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಬೆಳಗಿನ ಏಳು ಗಂಟೆ. ರೈಲು ಐವತ್ತು ನಿಮಿಷ ತಡವಾಗಿತ್ತು. ಬೇರೆಯವರು ಗೊಣಗಿದರು, ನಾನು ಸುಮ್ಮನಿದ್ದೆ. ತಡದ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ನನಗಿಲ್ಲ. ದಿಲ್ಲಿಯ ಒಂದು ವಿಮಾನ ಕಂಪನಿಯಲ್ಲಿ, ಯಾವ ವಿಮಾನ ಯಾವ ಊರಿಗೆ ಹಾರಬೇಕು, ಯಾವುದು ಯಾವಾಗ ರಿಪೇರಿಗೆ ನಿಲ್ಲಬೇಕು ಎಂದು ಯೋಜನೆ ಹಾಕುವುದು ನನ್ನ ಕೆಲಸ. ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ. ಆದರೆ ಈ ಸಲ ತವರಿಗೆಂದು ಬಂದದ್ದಲ್ಲ. ಚೀಲದಲ್ಲಿದ್ದ ಒಂದು ಕಾಗದಕ್ಕೆ ಉತ್ತರ ಕೊಡಲು ಬಂದಿದ್ದೆ.

ಆ ಕಾಗದ ಬಂದು ಹತ್ತು ತಿಂಗಳಾಗಿತ್ತು. ಲಂಡನ್ನಿನಿಂದ ಹೊರಡಬೇಕಿದ್ದ ನಮ್ಮ ದೊಡ್ಡ ವಿಮಾನವೊಂದು ಹೈಡ್ರಾಲಿಕ್ ಎಣ್ಣೆ ಸೋರಿ ಒಂದೂವರೆ ದಿನ ಅಲ್ಲೇ ನಿಂತಿತ್ತು. ದೂರುಗಳು ರಾಶಿ ಬಂದವು. ಒಂದು ಮಾತ್ರ ಕನ್ನಡದಲ್ಲಿತ್ತು. ಓದುವವರು ಯಾರೂ ಇಲ್ಲದೆ ನನ್ನ ಮೇಜಿಗೆ ಬಂತು. ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯಿಂದ ಮೌನೇಶಪ್ಪ ಬಡಿಗೇರ ಎಂಬುವರು ಬರೆದಿದ್ದರು. ಪರಿಹಾರ ಕೇಳಿರಲಿಲ್ಲ, ಬೈದಿರಲಿಲ್ಲ. "ನನ್ನ ಅಣ್ಣನ ಮಣ್ಣಿಗೆ ನಾನು ಸಿಗಲಿಲ್ಲ. ಯಂತ್ರ ಅಂದಮೇಲೆ ಕೆಡುತ್ತದೆ, ಅದಕ್ಕೆ ಸಿಟ್ಟಿಲ್ಲ. ಇನ್ನೊಂದು ಯಾಕೆ ಇರಲಿಲ್ಲ, ಅಷ್ಟು ತಿಳಿಸಿರಿ" ಎಂದಿತ್ತು.

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ದೂರದೇಶಗಳಿಗೆ ಹಾರುವ ದೊಡ್ಡ ವಿಮಾನಗಳು ನಮ್ಮಲ್ಲಿ ಏಳಿದ್ದವು. ಆರು ಹಾರುತ್ತಿದ್ದವು. ಏಳನೆಯದು ಯಾವುದಾದರೂ ಒಂದು ಕೆಟ್ಟರೆ ಅದರ ಬದಲಿಗೆಂದು ನಿಂತಿರುತ್ತಿತ್ತು. ಹೊಸ ವಿಮಾನ, ಹೊಸ ಎಂಜಿನ್, ಕೆಡುವುದು ಅಪರೂಪ. ಇಷ್ಟು ಒಳ್ಳೆಯ ಯಂತ್ರವನ್ನು ಸುಮ್ಮನೆ ಬಿಸಿಲಿಗೆ ನಿಲ್ಲಿಸುವುದೇಕೆ, ಅದನ್ನೂ ಒಂದು ಹೊಸ ಊರಿಗೆ ಹಾರಿಸೋಣ ಎಂದು ಟಿಪ್ಪಣಿ ಬರೆದು ಸಹಿ ಹಾಕಿದವಳು ನಾನು. ಎಲ್ಲರೂ ಶಭಾಷ್ ಎಂದಿದ್ದರು. ಈಗ ಮುಂದಿನ ವರ್ಷದ ಯೋಜನೆಗೆ ಮತ್ತೆ ಅದೇ ಪ್ರಶ್ನೆ ಬಂದಿತ್ತು. ಏಳನೆಯದು ಹಾರಬೇಕೋ, ನಿಲ್ಲಬೇಕೋ? ಸೋಮವಾರದೊಳಗೆ ನಾನು ಬರೆಯಬೇಕಿತ್ತು. ಮೌನೇಶಪ್ಪನವರ ಮುಖ ನೋಡದೆ ಬರೆಯಲು ಕೈ ಏಳಲಿಲ್ಲ.

ಲಕ್ಷ್ಮೇಶ್ವರದ ಬಸ್ಸು ಎಂಟಕ್ಕೆ ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಇಲ್ಲ ಎಂಬ ಧೈರ್ಯದಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡು ಚಾಚಿದೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ದಿಲ್ಲಿ ಅಡ್ರೆಸ್ ಐತಲ್ರಿ ಅಕ್ಕಾರ. ಮಾತು ನಮ್ಮೂರದು, ಕಾರ್ಡ್ ಪರವೂರದು. ಟಿಕೀಟ್ ತಗೀಬೇಕಾಕ್ಕೈತಿ ನೋಡ್ರಿ."

ಪಕ್ಕದ ಹೆಂಗಸರು ನಕ್ಕರು, ನಾನೂ ನಕ್ಕು ಟಿಕೆಟ್ ಕೊಂಡೆ. ಸುಮಾರು ನಲವತ್ತು ಕಿಲೋಮೀಟರ್ ದಾರಿ. ಮೇ ತಿಂಗಳ ಕೊನೆ. ಮುಳಗುಂದ ದಾಟಿದ ಮೇಲೆ ಎರಡೂ ಕಡೆ ಹರಗಿಟ್ಟ ಎರೆಭೂಮಿ, ಒಂದು ಒಳ್ಳೆಯ ಮಳೆಗಾಗಿ ಕಾಯುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಇಳಿದು ಗಿರಮಿಟ್ಟು, ಮಿರ್ಚಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ದಿಲ್ಲಿ ನನ್ನ ನಾಲಗೆಯನ್ನು ಕೆಡಿಸಿದೆ. ಅಲ್ಲಿಂದ ಅಡರಕಟ್ಟಿಗೆ ಟಂಟಂನಲ್ಲಿ ಎಂಟು ಜನರ ನಡುವೆ ಒಂಬತ್ತನೆಯವಳಾಗಿ ಹೋದೆ.

ಬಡಿಗೇರರ ಮನೆ ಕೇಳಬೇಕಾಗಲಿಲ್ಲ, ಬಾಚಿಯ ಸದ್ದೇ ದಾರಿ ತೋರಿಸಿತು. ಬೇವಿನ ಗಿಡದ ಕೆಳಗೆ ತಗಡಿನ ಛಪ್ಪರ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ ಜಾಲಿ ಕಟ್ಟಿಗೆ ಕೆತ್ತುತ್ತ ಕುಳಿತಿದ್ದರು. ವಿಮಾನ ಕಂಪನಿಯಿಂದ ಬಂದಿದ್ದೇನೆ ಎಂದೆ. ಬಾಚಿ ಕೆಳಗಿಟ್ಟರು.

"ಕಾಗದ ಹಾಕಿ ಹತ್ತ ತಿಂಗಳಾತ್ರಿ ಮೇಡಮ್ಮಾರ. ಯಾರರ ಬರತಾರಂತ ಅನ್ಕೊಂಡಿದ್ದಿಲ್ಲ. ಬರ್ರಿ, ಕುಂಡ್ರಿ. ಮೊದಲ ನೀರು ಕುಡೀರಿ."

ಅವರ ಸೊಸೆ ನೀರು, ಬೆಲ್ಲ ತಂದಿಟ್ಟಳು. ನಾನು ದೊಡ್ಡ ಮಾತಿನಿಂದ ಶುರು ಮಾಡಿದೆ. ಸಣ್ಣ ವಿಮಾನ ಕೆಟ್ಟರೆ ಇಪ್ಪತ್ತರಲ್ಲಿ ಒಂದನ್ನು ಆಚೀಚೆ ಮಾಡಬಹುದು, ದೊಡ್ಡವು ಕೆಲವೇ ಇರುತ್ತವೆ. ಹೋದ ವಿಮಾನವೇ ಎರಡು ತಾಸು ದಣಿವಾರಿಸಿಕೊಂಡು ವಾಪಸು ಬರಬೇಕು. ಒಂದು ನಿಂತರೆ ಮುನ್ನೂರು ಜನ ಅಲ್ಲಿ, ಮುನ್ನೂರು ಜನ ಇಲ್ಲಿ. ಬೇಕಾದ ಬಿಡಿಭಾಗ ಮತ್ತೊಂದು ಊರಿನಿಂದ ಬರಬೇಕಿತ್ತು. ಅವರು ಕಿವಿಗೊಟ್ಟು ಕೇಳಿದರು. ಕೊನೆಗೆ ಹೇಳಿದರು:

"ಇದೆಲ್ಲಾ ಕೆಟ್ಟದ್ದರ ಖಬರ್ರಿ. ನಾ ಕೇಳಿದ್ದು ಇನ್ನೊಂದರ ಖಬರ."

ನನಗೆ ನಾಚಿಕೆಯಾಯಿತು. "ಇನ್ನೊಂದು ಇತ್ತು ಕಾಕಾರ. ಅದನ್ನೂ ಹಾರಸ್ರಿ ಅಂತ ಬರದಾಕಿ ನಾನ. ಸುಮ್ಮನ ನಿಂತೈತಿ ಅಂತ" ಎಂದುಬಿಟ್ಟೆ.

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಛಪ್ಪರದ ತೊಲೆಯ ಕಡೆ ನೋಡಿದರು. ಅಲ್ಲಿ ಹಗ್ಗ ಕಟ್ಟಿ ಒಂದು ಹೊಸ ಕೂರಿಗೆಯನ್ನು ತೂಗುಹಾಕಿದ್ದರು. ಬಿತ್ತುವ ಕೂರಿಗೆ. ಬೀಜ ಹಾಕುವ ಬಟ್ಟಲು, ಬಿದಿರಿನ ಕೊಳವೆಗಳು, ಅವನ್ನು ಹಿಡಿದಿಡುವ ಮರದ ದಿಂಡು, ಎಲ್ಲಕ್ಕೂ ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುವಂತೆ ಮಾಡಿದ್ದರು.

"ಇದು ಯಾರದ್ರೀ?" ಎಂದೆ.

"ಯಾರದೂ ಅಲ್ಲ. ನಮ್ಮಪ್ಪನ ಕಾಲದಿಂದ ಹಿಂಗ ಒಂದು ಇರತೈತಿ. ಮಳಿ ಆತಂದ್ರ ಹದ ಎಷ್ಟು ದಿನ ತಂಗಿ? ಮೂರು ದಿನ, ನಾಕು ದಿನ. ಅದರಾಗ ಯಾರದರ ಕೂರಿಗಿ ಮುರೀತಂದ್ರ, ನಾ ರಿಪೇರಿ ಮಾಡೂದರಾಗ ಹದ ಹೋತು. ಅದಕ್ಕ ಇದನ್ನ ಕೊಡೂದು. ಅವರದ್ದು ತಯಾರಾದ ಕೂಡ್ಲೆ ಇದು ವಾಪಸ್ ಬಂದು ತೊಲಿಗೆ ಏರಬೇಕು. ಈಗ ಬಾಳ ಮಂದಿ ಟ್ರ್ಯಾಕ್ಟರ್‌ದಾಗ ಬಿತ್ತತಾರ. ಸಣ್ಣ ಹೊಲದವರಿಗೆ ಇನ್ನೂ ಎತ್ತು, ಕೂರಿಗಿನ ಗತಿ."

ಎಷ್ಟೋ ವರ್ಷ ಅದು ಕೆಳಗಿಳಿಯುವುದೇ ಇಲ್ಲವಂತೆ. ಕಾರಹುಣ್ಣಿಮೆಗೆ ಒಮ್ಮೆ ಇಳಿಸಿ, ಎಣ್ಣೆ ಹಚ್ಚಿ, ಪೂಜೆ ಮಾಡಿ ಮತ್ತೆ ಏರಿಸುತ್ತಾರೆ. ಬಿತ್ತದ ಕೂರಿಗೆಗೂ ಪೂಜೆ. ಕಂಪನಿಯ ಯಾವ ಸಭೆಯಲ್ಲೂ ನಾನು ಏಳನೆಯ ವಿಮಾನದ ಬಗ್ಗೆ ಅಷ್ಟು ಗೌರವದ ಮಾತು ಕೇಳಿಲ್ಲ. ಅದು ಎಷ್ಟು ತಾಸು ದುಡಿಯಿತು ಎಂದು ನಾವು ಅಳೆಯುತ್ತಿದ್ದೆವು. ಹದ ಎಷ್ಟು ಸಣ್ಣದು ಎಂದು ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿರಲಿಲ್ಲ.

"ಇದು ಹೊಸದು. ಹಳೇದು ಎಲ್ಲೈತ್ರಿ?" ಎಂದು ಕೇಳಿದೆ.

ಹಳೆಯದು ಲಂಡನ್ನಿನಲ್ಲಿತ್ತು. ಅಲ್ಲಿನ ಒಂದು ವಸ್ತುಸಂಗ್ರಹಾಲಯದವರು ಕೂರಿಗೆ ಮಾಡುವುದನ್ನು ತೋರಿಸಿರೆಂದು ಮೌನೇಶಪ್ಪನವರನ್ನು ಕರೆಸಿದ್ದರು. ಮಾದರಿಗೆ ಒಂದು ಚಂದದ ಕೂರಿಗೆ ಬೇಕೆಂದಿದ್ದರು.

"ಊರಾಗಿನ್ವೆಲ್ಲಾ ಸವದಿದ್ವು. ಅದೊಂದ ಚಂದ ಇತ್ತು. ಹೆಂಗೂ ಸುಮ್ಮನ ನಿಂತೈತಿ ಅಂತ ತಗೊಂಡು ಹೋಗಿ ಅವರಿಗೆ ಕೊಟ್ಟ ಬಿಟ್ಟೆ. ನೀವು ಅಂದ ಮಾತ ನೋಡ್ರಿ ಅದು."

ಹೋದ ವರ್ಷ ಅವರು ಲಂಡನ್ನಿನಲ್ಲಿದ್ದಾಗಲೇ ಇಲ್ಲಿ ಮಳೆ ಹದಿನೈದು ದಿನ ಮೊದಲು ಬಂತು. ರುದ್ರವ್ವ ಎಂಬ ಎರಡೆಕರೆಯ ಹೆಂಗಸಿನ ಕೂರಿಗೆಯ ದಿಂಡು ಸೀಳಿತು. ಕೊಡಲು ತೊಲೆಯ ಮೇಲೆ ಏನೂ ಇರಲಿಲ್ಲ. ಬಾಚಿ ಹಿಡಿಯುವುದನ್ನು ಬಿಟ್ಟು ಆರು ವರ್ಷವಾಗಿದ್ದ ಅಣ್ಣ ಕಾಳಪ್ಪ, ಎದೆನೋವಿನ ಮನುಷ್ಯ, ತಾನೇ ಕುಳಿತು ಎರಡು ದಿನ ಹೊಸ ದಿಂಡು ಕೆತ್ತಿದರು. ರುದ್ರವ್ವನ ಹೊಲದಲ್ಲಿ ಹೆಸರುಕಾಳಿನ ಬಿತ್ತನೆ ಹದದೊಳಗೇ ಆಯಿತು. ಮೂರನೆಯ ದಿನ ಮುಂಜಾನೆ ಕಾಳಪ್ಪ ಏಳಲಿಲ್ಲ.

"ಅದರಿಂದನ ಸತ್ತ ಅಂತ ಹ್ಯಾಂಗ ಹೇಳಲಿ? ವಯಸ್ಸಾಗಿತ್ತು. ಆದ್ರ ತಂಗಿ, ಅಲ್ಲಿ ವಿಮಾನಕ್ಕ ಕಾಕೋಂತ ಕುಂತಾಗ ನನಗ ಎರಡೂ ಒಂದ ಅನಸ್ತು. ಅಲ್ಲೂ ಇನ್ನೊಂದಿಲ್ಲ, ಇಲ್ಲೂ ಇನ್ನೊಂದಿಲ್ಲ. ಅಲ್ಲೀದು ಯಾರ ತಗದ್ರೋ ಆಗ ಗೊತ್ತಿದ್ದಿಲ್ಲ. ಇಲ್ಲೀದು ತಗದಾಂವ ನಾನ. ನಿಮ್ಮ ಕಂಪನಿಯವರು ಏನರ ಕಾರಣ ಹೇಳಿದ್ರ, ಅದನ್ನ ನನಗೂ ಹೇಳ್ಕೋಬಹುದಂತ ಕಾಗದ ಹಾಕಿದೆ."

ನನ್ನ ಕಣ್ಣು ತುಂಬಿತು, ಈ ಸಲ ಮಿರ್ಚಿಯದಲ್ಲ. ಅವರಿಗೆ ಕೊಡಲು ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಸೊಸೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿದಳು. ಉಂಡು ಎದ್ದ ಮೇಲೆ ಮೌನೇಶಪ್ಪ ಚಪ್ಪಲಿ ಮೆಟ್ಟಿಕೊಂಡು "ಬರ್ರಿ" ಎಂದರು. ಊರ ಹೊರಗೆ ಅವರದೇ ಹೊಲದ ಬದುವಿನಲ್ಲಿ ಅಣ್ಣನನ್ನು ಮಣ್ಣು ಮಾಡಿದ್ದರು. ಗುರುತಿಗೆ ಒಂದು ಕಲ್ಲು, ಅಷ್ಟೇ. ಬಿಸಿಲು ನೆತ್ತಿ ಸುಡುತ್ತಿತ್ತು. ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು.

"ನಾನೂ ತಡ ಬಂದು ಹಾಕಿದೆ. ನೀವೂ ತಡ ಮಾಡೀರಿ, ಆದ್ರ ಬಂದೀರಲ್ಲ. ಹಾಕ್ರಿ."

ಹಾಕಿದೆ. ಒಣ ಮಣ್ಣು ಕಲ್ಲಿನ ಮೇಲೆ ಸರಸರ ಜಾರಿತು. ಇಬ್ಬರೂ ಊರ ಕಡೆ ನಡೆದೆವು. ಟಂಟಂ ಹತ್ತುವಾಗ ಅವರು ಹತ್ತಿರ ಬಂದು ಕೇಳಿದರು:

"ನಿಮ್ಮದು ಮತ್ತ ತೊಲಿಗೆ ಏರತೈತೇನ ತಂಗಿ?"

"ನಾ ಬರೀತೇನ್ರಿ ಕಾಕಾರ. ಒಪ್ಪೂದು ಮ್ಯಾಲಿನವರ ಕೈಯಾಗೈತಿ."

"ನೀವು ಬರೀರಿ. ನಿಮ್ಮ ಕೈಯಾಗಿರೂದು ಅದೊಂದ ಅಲ್ಲೇನ?"

ಮುಂಡರಗಿಯಲ್ಲಿ ಅಕ್ಕನ ಮನೆಯಿದೆ. ಆದ್ದರಿಂದ ಲಕ್ಷ್ಮೇಶ್ವರದಿಂದ ಶಿರಹಟ್ಟಿ ಬಸ್ಸು ಹಿಡಿದೆ. ಅರ್ಧ ತಾಸಿನ ದಾರಿ. ಮುಂಡರಗಿಯ ಬಸ್ಸಿಗೆ ಶಿರಹಟ್ಟಿ ನಿಲ್ದಾಣದಲ್ಲಿ ಮುಕ್ಕಾಲು ತಾಸು ಕಾಯಬೇಕಾಯಿತು. ಕಟ್ಟೆಯ ಮೇಲೆ ಕುಳಿತು ಚೀಲದಿಂದ ಟಿಪ್ಪಣಿಯ ಹಾಳೆ ತೆಗೆದೆ. "ಏಳನೆಯ ವಿಮಾನ ನಿಲ್ಲಬೇಕು" ಎಂದು ಬರೆದೆ. ಕೆಳಗೆ ಕಾರಣ ಬರೆಯಲು ನಾಲ್ಕು ಗೆರೆ ಜಾಗವಿತ್ತು. ಬಿಡಿಭಾಗ ಬರುವ ದೂರ, ಒಂದು ತಡ ಮುಂದಿನ ಮೂರು ಹಾರಾಟಕ್ಕೆ ಹರಡುವ ರೀತಿ, ಎಂಜಿನ್ ರಿಪೇರಿಯ ಸರದಿ, ಮೂರು ಗೆರೆ ತುಂಬಿದವು. ಎಲ್ಲವೂ ಖರೆ. ಹೋದ ವರ್ಷವೂ ಖರೆಯಾಗಿದ್ದವು, ನನಗೆ ಗೊತ್ತಿದ್ದವು.

ಪೆನ್ನು ಹಿಡಿದ ಬೆರಳ ಸಂದಿಯಲ್ಲಿ ಅಡರಕಟ್ಟಿಯ ಮಣ್ಣು ಇನ್ನೂ ಇತ್ತು. ನಾಲ್ಕನೆಯ ಗೆರೆಯಲ್ಲಿ, "ಒಬ್ಬರು ತಮ್ಮ ಅಣ್ಣನ ಮಣ್ಣಿಗೆ ಸಿಗಲಿಲ್ಲ" ಎಂದು ಕನ್ನಡದಲ್ಲೇ ಬರೆದೆ. ದಿಲ್ಲಿಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ಏನೆಂದು ಕೇಳಲಿ, ನಾನೇ ಎದ್ದು ನಿಂತು ಹೇಳುತ್ತೇನೆ ಎಂದುಕೊಂಡು ಸಹಿ ಹಾಕಿದೆ. ಅಷ್ಟರಲ್ಲಿ ಮುಂಡರಗಿಯ ಬಸ್ಸು ಬಂತು.