ಚಪ್ಪಲಿ ಬಿಡುವ ಜಾಗದಲ್ಲೇ ನಿಂತವನಿಗೆ

ಇಲ್ಲ... ನಂಬೋಕೆ ಆಗುತ್ತಿಲ್ಲ.

ಬೆಳಿಗ್ಗೆ ಬದನಗುಪ್ಪೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವನಿಗೆ ಸೀಟು ಹಿಡಿದು ಕೂತಿದ್ದೆ.
ಅವನು ಬರಲಿಲ್ಲ, ಫೋನ್ ಬಂತು.
ನಮ್ಮ ಮಾದೇಶ ಹೋಗಿಬಿಟ್ಟನಂತೆ... ಹಾರ್ಟ್ ಅಟ್ಯಾಕ್.

ಗುಂಡ್ಲುಪೇಟೆಯಲ್ಲಿ, ಅವನನ್ನು ತಂದು ಮಲಗಿಸಿರುವ ಅವನ ಅಕ್ಕನ ಮನೆ ಮುಂದೆ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.
ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತಿದೆ. ಬೇಜಾರು ಮಾಡಿಕೊಳ್ಳಬೇಡಿ.

ಅವನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವನೇನೂ ಮುಚ್ಚಿಟ್ಟವನಲ್ಲ.
ಹಿಂದೆ ಕುಡಿದು ಗೂಡ್ಸ್ ಆಟೊ ಓಡಿಸಿ, ಚಂದಕವಾಡಿ ರಸ್ತೆಯಲ್ಲಿ ರಾಚಮ್ಮ ಅನ್ನುವವರ ಒಬ್ಬನೇ ಮಗನಿಗೆ ಗುದ್ದಿದ.
ಹುಡುಗ ಉಳಿಯಲಿಲ್ಲ.
ಇವನು ಜೈಲಿಗೆ ಹೋದ. ಅಲ್ಲಿಗೆ ಪ್ರಾರ್ಥನೆಗೆ ಬರುತ್ತಿದ್ದ ಪಾಸ್ಟರ್ ಒಬ್ಬರ ಕೈಹಿಡಿದು, ಏಸುವಿನವನಾಗಿ ಹೊರಗೆ ಬಂದ. ಆಮೇಲೆ ಕುಡಿತ ಮುಟ್ಟಲಿಲ್ಲ.

ನಾನು ಮಾದಪ್ಪನ ಒಕ್ಕಲು. ಚರ್ಚು ಗಿರ್ಚು ನನಗೆ ತಿಳಿಯದು.
ಭಾನುವಾರ ಬೈಕಿನಲ್ಲಿ ಅವನನ್ನು ಚಾಮರಾಜನಗರದ ಚರ್ಚಿಗೆ ಬಿಟ್ಟು, ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದೆ.
ಒಳಗೆ ನಮ್ಮ ಪ್ರಸಾದದ ಹಾಗೆ ರೊಟ್ಟಿ, ದ್ರಾಕ್ಷಿ ರಸ ಕೊಡುವ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಬರುತ್ತಿದ್ದ...
ಚಪ್ಪಲಿ ಬಿಡುವ ಜಾಗದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ.

"ಯಾಕ್ಲಾ?" ಅಂದರೆ,
"ಆ ಹುಡ್ಗನ್ ಸೂತ್ಕ ನಂಗಿನ್ನೂ ಕಳ್ದಿಲ್ಲ ಕಣ್ಲಾ. ಅದ್ನ ಮುಟ್ಟಂಗಿಲ್ಲ."

ಸಾವಾದ ಮನೆಯವರು ಗುಡಿಯೊಳಗೆ ಕಾಲಿಡಬಾರದು ಅನ್ನುವ ನಮ್ಮೂರ ಕಟ್ಟನ್ನು ಹೊತ್ತುಕೊಂಡು ಹೋಗಿ ಚರ್ಚಿನ ಬಾಗಿಲಲ್ಲಿ ಇಟ್ಟಿದ್ದ ಪುಣ್ಯಾತ್ಮ!

ಒಮ್ಮೆ ಪಾಸ್ಟರ್ ಹೊರಗೇ ಬಂದು ಗದರಿದರು: "ಮಾದೇಶ, ಇದು ತಪ್ಪು ಮಾಡಿದೋರಿಗೇ ಅಂತ ದೇವರು ಇಟ್ಟಿರೋ ಊಟ. ಒಳಗೆ ಕೂತಿರೋ ನಾವೆಲ್ಲ ಏನು ಸಾಚಾ ಅಂದ್ಕೊಂಡಿದ್ದೀಯ?"
ತಲೆ ಆಡಿಸಿದ. ಜಾಗ ಬಿಟ್ಟು ಕದಲಲಿಲ್ಲ.

ಕೊನೆಗೆ ರಾಚಮ್ಮನವರೇ ಮನೆಗೆ ಕರೆಸಿ ಎಲೆ ಹಾಕಿದರು.
"ಓಗ್ಲಿ ಬುಡಪ್ಪ... ನನ್ ಕ್ವಾಪ ಓಯ್ತು. ನೀನೂ ಬುಟ್ಬುಡು. ಉಣ್ಣು."
ಅಲ್ಲೂ ಒಂದು ತುತ್ತು ಮುಟ್ಟದೆ ಎದ್ದು ಬಂದ.

ಮಾದೇಶ, ಈಗ ನಿನ್ನನ್ನೇ ಕೇಳುತ್ತೇನೆ...
ನಿನ್ನ ದೇವರು ಕ್ಷಮಿಸಿದ. ಆ ಹುಡುಗನನ್ನು ಹೆತ್ತವಳು ಕ್ಷಮಿಸಿದಳು.
ಅವರಿಬ್ಬರಿಗಿಂತ ದೊಡ್ಡ ಜಡ್ಜು ನೀನ್ಯಾವನಯ್ಯಾ?
ನಿನ್ನೆ ಬಸ್ಸಿಳಿಯುವಾಗ ನೀನೇ ಅಂದೆಯಲ್ಲ, "ಈ ಭಾನ್ವಾರ ಒಳಕ್ಕೋಗಿ ಆ ರೊಟ್ಟಿ ಈಸ್ಕತೀನಿ ಕಣ್ಲಾ... ನಿಂತು ನಿಂತು ಸಾಕಾಯ್ತು" ಅಂತ.
ಭಾನುವಾರದ ತನಕ ತಡೆಯೋಕಾಗಲಿಲ್ಲವಾ ನಿನಗೆ?
ಥೂ ನಿನ್ನ...

ಈಗ ತಾನೆ ರಾಚಮ್ಮ ಬಂದರು. ಬಸ್ಸು ಬದಲಿಸಿಕೊಂಡು, ಒಬ್ಬರೇ.
ನಮ್ಮ ಕಡೆ ಹೋದವರ ಬಾಯಿಗೆ ಅಕ್ಕಿ ಹಾಕುವುದು ಮನೆಯವರು, ಹತ್ತಿರದ ನೆಂಟರು. ಇವನು ಏಸುವಿನವನು, ಅದೆಲ್ಲ ಬೇಡ ಎಂದು ಅಕ್ಕನೂ ಸುಮ್ಮನಿದ್ದಳು.
ರಾಚಮ್ಮ ಯಾರನ್ನೂ ಕೇಳಲಿಲ್ಲ.
ಸೆರಗಿನ ಗಂಟು ಬಿಚ್ಚಿ ಅಕ್ಕಿ ತೆಗೆದು, ಅವನ ತುಟಿ ಬಿಡಿಸಿ ಹಾಕಿದರು.
"ಈಗ್ಲಾದ್ರೂ ಉಣ್ಣು ಮಗ" ಅಂದರು.
ಪಕ್ಕದಲ್ಲೇ ಇದ್ದ ಪಾಸ್ಟರ್ ತಡೆಯಲಿಲ್ಲ... ಕಣ್ಣು ಒರೆಸಿಕೊಂಡರು.

ಈ ಸಲ ಎದ್ದು ಹೋಗೋಕೆ ನಿನ್ನ ಕೈಲಾಗಲಿಲ್ಲ ಕಣ್ಲಾ.

ಹೋಗಿ ಬಾ ಗೆಳೆಯಾ... ನಿನ್ನ ಜೀವಕ್ಕೆ ನಿನ್ನ ಏಸು ನೆಮ್ಮದಿ ಕೊಡಲಿ.
ಅಲ್ಲೂ ಬಾಗ್ಲಲ್ಲಿ ನಿಂತ್ಕಬ್ಯಾಡ. ಒಳಕ್ಕೋಗಿ ಕೂತ್ಕೊ.